ಉಗುರುಬೆಚ್ಚಗೆ ಎಂದರೆ ಯಾರ ಉಗುರು?

ಮಗಳು ಮಂಗಳೂರಿನ ಹಾಸ್ಟೆಲಿಗೆ ಹೊರಟಾಗ ಮನೆಯಲ್ಲಿ ಬಿಟ್ಟುಹೋದ ಆಸ್ತಿಯೆಂದರೆ ಒಂದು ಪಂಕ್ಚರಾದ ಸೈಕಲ್ಲು, ಜೊತೆ ತಪ್ಪಿದ ಹದಿಮೂರು ಕಾಲುಚೀಲ ಮತ್ತು ಎರಡಡಿ ಉದ್ದದ ಅಕ್ವೇರಿಯಂ. ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡಬಹುದು, ಕಾಲುಚೀಲದಲ್ಲಿ ಕಿಟಕಿ ಒರೆಸಬಹುದು. ಅಕ್ವೇರಿಯಂ ಹಾಗಲ್ಲ. ಅದರೊಳಗೆ ಹನ್ನೊಂದು ಗಪ್ಪಿ ಮೀನು, ನಾಲ್ಕು ಬಸವನಹುಳು ಇದ್ದವು, ಎಲ್ಲವಕ್ಕೂ ಹೆಸರಿತ್ತು. ಬಸ್ಸು ಹತ್ತುವ ಮುಂಚೆ ಅವಳು ಹೇಳಿದ್ದು ಇಷ್ಟೇ: "ಅಪ್ಪಾ, ವಾರಕ್ಕೊಂದು ಬಕೆಟ್ ನೀರು ತೆಗಿ, ಒಂದು ಬಕೆಟ್ ಹೊಸ ನೀರು ಹಾಕು. ಪೂರ್ತಿ ಖಾಲಿ ಮಾಡಿ ತೊಳೆಯೋಕೆ ಮಾತ್ರ ಹೋಗಬೇಡ, ದಮ್ಮಯ್ಯ."

ದಮ್ಮಯ್ಯ ಎಂದದ್ದು ನನ್ನ ಸ್ವಭಾವ ಗೊತ್ತಿದ್ದರಿಂದ. ಕೊಡವೇ ಇರಲಿ, ಚೊಂಬೇ ಇರಲಿ, ಹಳೇ ನೀರು ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ನೀರು ತುಂಬಿದರೆ ಮಾತ್ರ ಸಮಾಧಾನವಾಗುವ ವಂಶ ನಮ್ಮದು. ಮೀನುಗಳ ಮನೆಯಲ್ಲಿ ಈ ಮಡಿ ನಡೆಯುವುದಿಲ್ಲ. ಅವುಗಳ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡಿ ವಿಷದ ಹಲ್ಲು ಕೀಳುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೈಮೇಲೆ ಸಂಸಾರ ಹೂಡಿರುತ್ತವೆ. ತಿಕ್ಕಿ ತೊಳೆದರೆ ಆ ಸಂಸಾರವೆಲ್ಲ ಮೋರಿ ಪಾಲು. ಮನೆಯಲ್ಲಿ ಕೊಳಕೇ ಕಾವಲುಗಾರನಾಗಿರುವ ಜಾಗ ಇದೊಂದೇ ಎಂದು ನನ್ನಾಕೆಗೆ ವಿವರಿಸಿದೆ. "ನಿಮ್ಮ ಮೇಜೂ ಹಾಗೇ ಇದೆಯಲ್ಲ" ಎಂದಳು.

ನವೆಂಬರ್‌ವರೆಗೆ ತೊಂದರೆಯಿರಲಿಲ್ಲ. 50 ಲೀಟರಿನ ತೊಟ್ಟಿಯಿಂದ 15 ಲೀಟರ್ ತೆಗೆದು 15 ಲೀಟರ್ ಹಾಕುವುದು ಬ್ಯಾಂಕಿನಲ್ಲಿ ದುಡ್ಡು ಕಟ್ಟಿ ತೆಗೆದಷ್ಟೇ ಸರಳ. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಬಕೆಟ್ಟಿಗೆ ಕೈ ಅದ್ದಿದವನು ಬೆಂಗಳೂರಿನ ಚಳಿಗೆ ಬೈದು ಕೈ ತೆಗೆದೆ. ಥರ್ಮಾಮೀಟರ್ 18 ತೋರಿಸುತ್ತಿತ್ತು. ತೊಟ್ಟಿಯಲ್ಲಿ ಹೀಟರ್ ಕಡ್ಡಿಯ ಕೃಪೆಯಿಂದ 25. ಕಂಬಳಿಯೊಳಗೆ ಬೆಚ್ಚಗೆ ಮಲಗಿದವರ ಮೇಲೆ ತಣ್ಣೀರು ಸುರಿದಂತೆ ಎಂಬ ಮಾತು ಇಲ್ಲಿ ಉಪಮೆಯೇ ಅಲ್ಲ, ನಾನು ಮಾಡಹೊರಟಿದ್ದ ಕೆಲಸವೇ ಅದು. ಇಂಥ ಆಘಾತಕ್ಕೆ ಗುರಿಯಾದ ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆ ಏಳುತ್ತದೆ. ಅದೊಂದು ಪರೋಪಜೀವಿಯ ಕಾಯಿಲೆ, ಮೀನಿನ ಅಂಗಡಿಯವರ ಬಾಯಲ್ಲಿ ವೈಟ್ ಸ್ಪಾಟ್.

ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿ ಇದೆ. ತಿರುಗಿಸಿದರೆ ಮುಗಿಯಿತು. ತಿರುಗಿಸಬಹುದೇ ಎಂಬುದು ಪ್ರಶ್ನೆ.

ಮನೆಯಲ್ಲಿ ಸಭೆ ಸೇರಿತು. "ರೀ, ನಮಗೇ ಬಿಸಿನೀರು ಬೇಕು, ಅವಕ್ಕೆ ಬೇಡವಾ?" ಎಂದು ನನ್ನಾಕೆ. ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅಮ್ಮ, "ತುಂಗೆಯ ಮೀನಿಗೆ ಯಾರು ಮಾರಾಯ ಹಂಡೆ ಕಾಯಿಸಿ ಕೊಟ್ಟವರು?" ಎಂದು ಮೂಲಕ್ಕೇ ಕೈ ಹಾಕಿದರು. ಮೇಲಿನ ಮನೆಯವರು ಮೆಟ್ಟಿಲಿಳಿಯುತ್ತ, "ಬಿಸಿನೀರು ಹಾಕಿ ಸಾರ್, ಆಮೇಲೆ ಹುಳಿ, ಖಾರ ನಾವು ಹಾಕ್ತೀವಿ" ಎಂದು ನಕ್ಕು ಹೋದರು. ಕೊನೆಗೆ ಅಮ್ಮನೇ ಪಟ್ಟು ಸಡಿಲಿಸಿ ತೀರ್ಪು ಕೊಟ್ಟರು: "ಉಗುರುಬೆಚ್ಚಗೆ ಇದ್ದರೆ ಏನಾಗುವುದಿಲ್ಲ, ಹಾಕು."

ಉಗುರುಬೆಚ್ಚಗೆ! ಕನ್ನಡದಲ್ಲಿ ಇದಕ್ಕಿಂತ ನಂಬಿಕಸ್ಥ ಅಳತೆ ಇಲ್ಲ. ಮಗುವಿನ ಸ್ನಾನಕ್ಕೆ, ಗಂಟಲು ಮುಕ್ಕಳಿಸಲಿಕ್ಕೆ, ಹಾಲಿಗೆ ಹೆಪ್ಪು ಹಾಕಲಿಕ್ಕೆ ನೂರಾರು ವರ್ಷ ಥರ್ಮಾಮೀಟರಿಲ್ಲದೆ ಈ ಒಂದು ಪದದಿಂದಲೇ ನಡೆದಿದೆ. ಅಮ್ಮ ಮೊಣಕೈ ಅದ್ದಿ ಹದ ನೋಡಿದರು. ನಾನು ಬೆರಳು ಅದ್ದಿ ಅನುಮೋದಿಸಿದೆ. ಬಕೆಟ್ಟನ್ನು ತೊಟ್ಟಿಗೆ ಸುರಿದೆ.

ಹತ್ತು ನಿಮಿಷದಲ್ಲಿ ಹನ್ನೊಂದು ಗಪ್ಪಿಗಳೂ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಮಗಳ ಹೆಸರು ಹೇಳಿ ಶಾಪ ಹಾಕುತ್ತಿರುವಂತೆ ಕಂಡಿತು. ಥರ್ಮಾಮೀಟರ್ 29ಕ್ಕೆ ಏರಿತ್ತು.

ಆಮೇಲೆ ಕೂತು ಯೋಚಿಸಿದಾಗ ತಪ್ಪು ಹೊಳೆಯಿತು. ಉಗುರು ನಮ್ಮದು. ನಮ್ಮ ಮೈಯ ಶಾಖ 37 ಡಿಗ್ರಿ, ಚರ್ಮದ್ದು ಅದಕ್ಕಿಂತ ಮೂರ್ನಾಲ್ಕು ಡಿಗ್ರಿ ಕಡಿಮೆ. ನಮಗೆ ಹಿತವಾಗಿ ಬೆಚ್ಚಗಿದೆ ಎನಿಸಬೇಕಾದರೆ ನೀರು 37, 38ರ ಆಸುಪಾಸಿನಲ್ಲಿರಬೇಕು. ಮೊಸರಿನ ಹೆಪ್ಪಿಗೆ ಅದು ಸರಿ, ಗಪ್ಪಿಗೆ ಅದು ಜ್ವರ. ಗಪ್ಪಿಗೆ ಬೇಕಾದ 25 ಡಿಗ್ರಿಯ ನೀರು ನಮ್ಮ ಕೈಗೆ ಸ್ವಲ್ಪ ತಣ್ಣಗೇ ಹತ್ತುತ್ತದೆ. ಚಳಿಗಾಲದ ಬೆಳಿಗ್ಗೆ ಪಾತ್ರೆ ತೊಳೆದು ಬಂದ ಕೈಯಾದರೆ ಅದೇ ನೀರನ್ನು ಬಿಸಿ ಎನ್ನುತ್ತದೆ. ಅಮ್ಮನ ಮೊಣಕೈ ನಾಲ್ಕು ಮಕ್ಕಳನ್ನೂ ಐದು ಮೊಮ್ಮಕ್ಕಳನ್ನೂ ಮೀಯಿಸಿದ ಮೊಣಕೈ. ಅದರ ಅನುಭವ ದೊಡ್ಡದು, ಆದರೆ ಅನುಭವವೆಲ್ಲ ಬಿಸಿರಕ್ತದವರದು.

ಬಾಯಿ ಬಿಡುವುದಕ್ಕೂ ಕಾರಣವಿತ್ತು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿ ಉಳಿಯುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದುಕೊಂಡರೆ 30 ಡಿಗ್ರಿಯದು ಏಳೂವರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವುದರಿಂದ ಅದಕ್ಕೂ ಸ್ವಲ್ಪ ಕಡಿತ. ಇತ್ತ ನೀರಿನ ಜೊತೆ ಮೀನಿನ ಮೈಯೂ ಬಿಸಿಯಾಗಿ ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಸಂಬಳ ಇಳಿದ ತಿಂಗಳೇ ಮನೆಗೆ ನೆಂಟರು ಬಂದ ಹಾಗೆ. ಗಾಬರಿಯಲ್ಲಿ ಏರ್ ಪಂಪನ್ನು ಜೋರು ಮಾಡಿದೆ. ಐಸ್ ತುಂಡು ಹಾಕೋಣವೇ ಎಂದವನನ್ನು ನನ್ನಾಕೆ ತಡೆದಳು. ಸಂಜೆಗೆ ಎಲ್ಲವೂ ಮೊದಲಿನಂತೆ ಈಜಾಡುತ್ತಿದ್ದವು. ಮಗಳಿಗೆ ಫೋನಿನಲ್ಲಿ, "ಎಲ್ಲಾ ಚೆನ್ನಾಗಿವೆ, ಇವತ್ತು ಯೋಗ ಮಾಡ್ತಿದ್ವು" ಎಂದೆ.

ಮುಂದಿನ ವಾರದಿಂದ ಉಗುರಿನ ಬದಲು ಲೆಕ್ಕ. ನಲ್ಲಿಯ ಬಿಸಿನೀರು 48 ಡಿಗ್ರಿ, ತಣ್ಣೀರು 18. ಹನ್ನೊಂದೂವರೆ ಲೀಟರ್ ತಣ್ಣೀರಿಗೆ ಮೂರೂವರೆ ಲೀಟರ್ ಬಿಸಿನೀರು ಬೆರೆಸಿದರೆ 15 ಲೀಟರಿನ ಬಕೆಟ್ ಸರಿಯಾಗಿ 25ಕ್ಕೆ ಬಂದು ನಿಲ್ಲುತ್ತದೆ. ಹೈಸ್ಕೂಲಿನಲ್ಲಿ ಬಿಸಿನೀರು, ತಣ್ಣೀರು ಬೆರೆಸುವ ಲೆಕ್ಕಕ್ಕೆ ಮೇಷ್ಟರಿಂದ ಬೆತ್ತದ ಏಟು ತಿಂದಿದ್ದೆ. ಅದು ಯಾವತ್ತಾದರೂ ಬಳಕೆಗೆ ಬಂದೀತು ಎಂದು ಮೇಷ್ಟರಿಗೂ ಅನಿಸಿರಲಾರದು.

ಕ್ಲೋರಿನ್ ವಿಷಯದಲ್ಲಿ ಮಾತ್ರ ನನಗೆ ಮೊದಲೇ ಜ್ಞಾನವಿತ್ತು ಎಂದುಕೊಂಡಿದ್ದೆ. ಬಿಸಿ ಮಾಡಿದರೆ ಹೋಗುತ್ತದೆ ಎಂಬುದೇ ಆ ಜ್ಞಾನ. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಹೋಗುವುದು ನಿಜ. ಮುಚ್ಚಿದ ಗೀಸರಿನೊಳಗೆ ಬೆಚ್ಚಗಾಗಿ ಬಂದದ್ದಕ್ಕೆ ಆ ರಿಯಾಯಿತಿ ಇಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹತ್ತಿ ಬರುವ ಕಾವೇರಿಗೆ ದಾರಿಯಲ್ಲಿ ಕೆಡದಂತೆ ಕ್ಲೋರಿನ್ ಬೇಕೇ ಬೇಕು. ನಮ್ಮ ಪುಣ್ಯಕ್ಕೆ ಆ ನೀರು ನೇರವಾಗಿ ನಲ್ಲಿಗೆ ಬರುವುದಿಲ್ಲ. ಸಂಪಿನಲ್ಲಿ ಒಂದು ರಾತ್ರಿ, ಓವರ್‌ಹೆಡ್ ಟ್ಯಾಂಕಿನಲ್ಲಿ ಒಂದು ಹಗಲು ತಂಗಿ, ಅಷ್ಟರಲ್ಲಿ ವಾಸನೆಯನ್ನು ಬಹುಪಾಲು ಬಿಟ್ಟಿರುತ್ತದೆ. ಆದರೂ ಅಂಗಡಿಯವನು ಆಂಟಿ ಕ್ಲೋರಿನ್ ಎಂದು ಕೊಟ್ಟ ಹರಳಿನಲ್ಲಿ ಒಂದೆರಡನ್ನು ಬಕೆಟ್ಟಿಗೆ ಹಾಕುತ್ತೇನೆ. ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೋ ಸ್ಟುಡಿಯೋದವರು ಕತ್ತಲೆ ಕೋಣೆಯಲ್ಲಿ ಹೈಪೋ ಎಂದು ಬಳಸುತ್ತಿದ್ದದ್ದು ಇದನ್ನೇ. ಡಿಜಿಟಲ್ ಬಂದು ಸ್ಟುಡಿಯೋಗಳು ಕೈಬಿಟ್ಟ ಮೇಲೆ ಹೈಪೋಗೆ ಮೀನಿನ ಅಂಗಡಿಯಲ್ಲಾದರೂ ನೌಕರಿ ಉಳಿದಿದೆ.

ಎಲ್ಲವೂ ಹದಕ್ಕೆ ಬಂತು ಎನ್ನುವಾಗ ಬಸವನಹುಳುಗಳು ಸಾಯತೊಡಗಿದವು.

ಮೊದಲ ವಾರ ಒಂದು. ಎರಡು ವಾರ ಬಿಟ್ಟು ಇನ್ನೊಂದು. ಬಸವನಹುಳು ಸತ್ತದ್ದು ತಿಳಿಯುವುದೇ ಕಷ್ಟ. ಬದುಕಿದ್ದಾಗಲೂ ಅದು ಅಂಥ ಲವಲವಿಕೆಯ ಪ್ರಾಣಿಯಲ್ಲ. ಮೀನುಗಳಿಗೆ ಏನೂ ಆಗಿಲ್ಲ, 25 ಡಿಗ್ರಿ ತಪ್ಪಿಲ್ಲ, ಹೈಪೋ ಹಾಕಿದ್ದೇನೆ. ಮೂರನೆಯದೂ ಹೋದ ದಿನ ಅಮ್ಮ ಬಚ್ಚಲಿನ ಗೋಡೆಯ ಮೇಲಿದ್ದ ನಮ್ಮ ಹಳೇ ಗ್ಯಾಸ್ ಗೀಸರನ್ನು ದಿಟ್ಟಿಸಿ ಕೇಳಿದರು: "ಇದರ ಹೊಟ್ಟೆಯೊಳಗೆ ಎಂಥ ಉಂಟು?"

ತಾಮ್ರದ ಸುರುಳಿ ಎಂದೆ.

"ಮತ್ತೆ ಕೇಳುವುದೆಂಥದು? ಮೈಲುತುತ್ತ!"

ಅಡಿಕೆ ತೋಟದವರಿಗೆ ಬೇರೆ ವಿವರಣೆ ಬೇಡ. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದ ಮನೆ ಮಲೆನಾಡಿನಲ್ಲಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಈ ಪ್ರಮಾಣವನ್ನು ಅಮ್ಮ ಅಪ್ಪೆಹುಳಿಯ ಪ್ರಮಾಣದಷ್ಟೇ ಸಲೀಸಾಗಿ ಹೇಳುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದ ಕಾಲದಿಂದ ಈ ಮದ್ದು ನಮ್ಮ ತೋಟಗಳಲ್ಲಿ ಬಳಕೆಯಲ್ಲಿದೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅದು ಶಿಲೀಂಧ್ರವನ್ನೂ ಬಿಡದು, ಪಾಚಿಯನ್ನೂ ಬಿಡದು, ಬಸವನಹುಳುವನ್ನೂ ಬಿಡದು. ಮೀನುಗಳು ಅಲ್ಪಸ್ವಲ್ಪ ತಾಮ್ರ ತಡೆದುಕೊಂಡಾವು. ಅವುಗಳ ವೈಟ್ ಸ್ಪಾಟಿಗೆ ತಾಮ್ರವನ್ನೇ ಔಷಧಿಯಾಗಿ ಹಾಕುವುದೂ ಉಂಟು. ಬಸವನಹುಳು, ಸಿಗಡಿಗಳಿಗೆ ಮಾತ್ರ ಆ ಔಷಧಿಯೇ ವಿಷ.

ಹಾಗಾದರೆ ತಾಮ್ರದ ಗೀಸರಿನ ನೀರೆಲ್ಲ ವಿಷವೇ? ಅಲ್ಲ. ಹರಿಯುವ ನೀರು ಸುರುಳಿಯನ್ನು ಕಣ್ಣು ಮಿಟುಕಿಸುವುದರೊಳಗೆ ದಾಟಿ ಬರುತ್ತದೆ, ತಾಮ್ರವನ್ನು ಕೆರೆದುಕೊಳ್ಳಲು ಅದಕ್ಕೆ ಪುರುಸೊತ್ತಿಲ್ಲ. ಪುರುಸೊತ್ತಿರುವುದು ರಾತ್ರಿಯಿಡೀ ಅದರೊಳಗೆ ನಿಂತ ನೀರಿಗೆ. ನಲ್ಲಿ ತಿರುಗಿಸಿದಾಗ ಮೊದಲು ಬರುವ ಒಂದೆರಡು ಚೊಂಬು ನೀರದು. ಗಡಸು ನೀರಾದರೆ ತಾಮ್ರದ ಆಟ ಕಡಿಮೆ, ಮೆದು ನೀರಿನಲ್ಲಿ ಜಾಸ್ತಿ.

ಮೊದಲ ಚೊಂಬಿನ ಪಾಪ ನನ್ನದೇ. 2024ರ ಬೇಸಿಗೆ ಬೆಂಗಳೂರಿನವರಿಗೆ ಮರೆಯುವಂಥದಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ವರ್ಷ ಅದು. ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಹನಿ ನೀರೂ ಮೋರಿಗೆ ಹೋಗುವುದಿಲ್ಲ. ಬಿಸಿ ಬರುವ ಮೊದಲಿನ ತಣ್ಣೀರನ್ನೂ ಹಿಡಿಯುತ್ತೇವೆ. ಆ ಉಳಿತಾಯದ ನೀರೇ ಪ್ರತಿ ಭಾನುವಾರ ಮೀನಿನ ಬಕೆಟ್ಟಿಗೆ ಬೀಳುತ್ತಿತ್ತು. ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಿಲ್ಲವಾದ್ದರಿಂದ ಸಾಕ್ಷ್ಯವೆಲ್ಲ ಸಾಂದರ್ಭಿಕ. ಆದರೂ ನಾನು ತಪ್ಪೊಪ್ಪಿಕೊಂಡಿದ್ದೇನೆ.

ಗ್ಯಾಸ್ ಗೀಸರ್ ಸಂಕ್ರಾಂತಿಯ ಹೊತ್ತಿಗೆ ತಾನಾಗಿಯೇ ಕಣ್ಣು ಮುಚ್ಚಿತು. ಹೊಸದು ಕರೆಂಟಿನದು, ಟ್ಯಾಂಕಿನ ಒಳಮೈಗೆ ಗಾಜಿನ ಲೇಪ. ಕೂರಿಸಲು ಬಂದ ಪ್ಲಂಬರು ಒಳಗಿನ ಮೆಗ್ನೀಷಿಯಂ ಕಂಬಿಯ ಮಹಿಮೆ ಹೇಳಿದ: "ತುಕ್ಕೆಲ್ಲ ಇದು ತನ್ನ ಮೇಲೆ ಹಾಕ್ಕೊಳ್ಳುತ್ತೆ ಸಾರ್. ತಾನು ಸವೆದು ಟ್ಯಾಂಕು ಉಳಿಸುತ್ತೆ. ಎರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು."

"ನನ್ನನ್ನು ಇಪ್ಪತ್ತಾರು ವರ್ಷದಲ್ಲಿ ಒಂದು ಸಲನೂ ನೋಡಿಲ್ಲ" ಎಂದಿತು ಅಡುಗೆಮನೆ.

ಆ ಕಂಬಿ ಕರಗಿ ನೀರಿಗೆ ಸೇರುವ ಮೆಗ್ನೀಷಿಯಂನಿಂದ ಮೀನಿಗೆ ತೊಂದರೆಯಿಲ್ಲ. ಗಪ್ಪಿಗಳಿಗೆ ಸ್ವಲ್ಪ ಗಡಸು ನೀರೇ ಇಷ್ಟ. ಬೋರ್‌ವೆಲ್ ನೀರಿನಿಂದ ಗೀಸರಿನ ಕಾಯಿಲಿಗೆ ಸುಣ್ಣ ಕಟ್ಟಿತು ಎಂದು ನಾವು ಗೊಣಗುವ ಮನೆಯಲ್ಲಿ ಗಪ್ಪಿಗಳು ಮರಿ ಹಾಕಿ ಮೆರೆಯುತ್ತವೆ. ಈಗ ನಾನು ಮೊದಲೆರಡು ಚೊಂಬನ್ನು ದಾಸವಾಳದ ಬುಡಕ್ಕೆ ಹಾಕುತ್ತೇನೆ. ಆಮೇಲಿನ ಬಿಸಿನೀರನ್ನು ಅಳೆದು ತಣ್ಣೀರಿಗೆ ಬೆರೆಸಿ, ಸಣ್ಣ ಗುಳ್ಳೆಗಳಿಂದ ಹಾಲಿನಂತೆ ಕಾಣುವುದು ತಿಳಿಯಾಗುವವರೆಗೆ ಕೋಲಿನಿಂದ ಕದಡಿ, ಥರ್ಮಾಮೀಟರ್ ನೋಡಿ ಸುರಿಯುತ್ತೇನೆ. ಅಮ್ಮ ಅಭ್ಯಾಸಬಲದಿಂದ ಮೊಣಕೈ ಅದ್ದಿ, "ತಣ್ಣಗಾಯ್ತಲ್ಲೋ, ಪಾಪ" ಎನ್ನುತ್ತಾರೆ.

ಸಾಯದೆ ಉಳಿದಿದ್ದ ನಾಲ್ಕನೇ ಬಸವನಹುಳು ಶಿವರಾತ್ರಿಯ ಸುಮಾರಿಗೆ ಗಾಜಿನ ಮೇಲೆ ಅಂಟಂಟಾದ ಮೊಟ್ಟೆ ಇಟ್ಟಿತು. ಈ ಜಾತಿಯದಕ್ಕೆ ಮೊಟ್ಟೆಯಿಡಲು ಜೊತೆಗಾರನೂ ಬೇಕಿಲ್ಲವಂತೆ. ನಮ್ಮ ನೀರಿನಲ್ಲಿ ತಾಮ್ರವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾರು ಕೊಡಬೇಕು? ನಿನ್ನೆ ಎಣಿಸಿದಾಗ ನಲವತ್ತಮೂರಿದ್ದವು, ಮಗಳಿಗೆ ಹೆಸರುಗಳು ಮುಗಿದಿವೆ. ಓದುಗರಲ್ಲಿ ಯಾರಿಗಾದರೂ ಬೇಕಿದ್ದರೆ ದಯವಿಟ್ಟು ತಿಳಿಸಿ, ಎಷ್ಟು ಬೇಕಾದರೂ ಕೊಡುತ್ತೇನೆ. ಬರುವಾಗ ಡಬ್ಬ ನೀವೇ ತನ್ನಿ. ತಾಮ್ರದ್ದು ಬೇಡ.