ಬೀಜದ ಮೇಷ್ಟ್ರು

ನಮ್ಮ ಕಡೆ ಹೂವನ್ನು ನೋಡುವವರು ಕಡಿಮೆ, ತೂಗುವವರೇ ಜಾಸ್ತಿ. ಬೇರೆ ಊರುಗಳಲ್ಲಿ ಹೂವು ಮೊಳದ ಲೆಕ್ಕ, ಮಾರಿನ ಲೆಕ್ಕ. ಚಿಕ್ಕಬಳ್ಳಾಪುರದಲ್ಲಿ ಅದು ಮೂಟೆ ಲೆಕ್ಕ. ಬೆಳಕು ಹರಿಯುವ ಮೊದಲೇ ಸೇವಂತಿಗೆ, ಚೆಂಡುಹೂ, ಗುಲಾಬಿಗಳು ಮೂಟೆಯಲ್ಲಿ ಬಂದು, ತಕ್ಕಡಿ ಹತ್ತಿ ಇಳಿದು, ಊರು ಬಿಟ್ಟು ಹೊರಟಿರುತ್ತವೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಲೆ ಕೇಳಿದರೆ ತಪ್ಪಿ ಬೆಳ್ಳಿ ಅಂಗಡಿಗೆ ಬಂದೆವೇನೋ ಅನ್ನಿಸುತ್ತದೆ. ಹಬ್ಬ ಕಳೆದ ಮೂರನೇ ದಿನ ಅದೇ ಹೂವು ರಸ್ತೆ ಪಕ್ಕ ರಾಶಿ ಬಿದ್ದಿರುತ್ತದೆ, ದನವೂ ಮೂಸುವುದಿಲ್ಲ. ಇಂಥ ಊರಲ್ಲಿ ಇದ್ದುಕೊಂಡು, ಹೂವು ನೋಡುವುದಕ್ಕೆಂದೇ ಸುಮಾರು 60 ಕಿಲೋಮೀಟರು ಹೋಗಿ, ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು ಒಳಗೆ ನುಗ್ಗುವ ಒಬ್ಬ ಮನುಷ್ಯ ನಮ್ಮ ಬೀದಿಯಲ್ಲಿದ್ದಾರೆ.

ನಿಮ್ಮ ಬೀದಿಯಲ್ಲೂ ಇರಬೇಕು. ಚಿಂತಾಮಣಿಯಲ್ಲಾದರೆ ಬ್ಯಾಂಕಿನಿಂದ ನಿವೃತ್ತರಾಗಿರುತ್ತಾರೆ, ಶಿಡ್ಲಘಟ್ಟದಲ್ಲಿ ಪೋಸ್ಟಾಫೀಸಿನಿಂದ, ಗೌರಿಬಿದನೂರಿನಲ್ಲಿ ರೈಲ್ವೆಯಿಂದ. ನಮ್ಮವರು ಹೈಸ್ಕೂಲಿನಿಂದ. ಹೆಸರು ಊರಿಗೆ ಮರೆತುಹೋಗಿದೆ, ಎಲ್ಲರೂ ಕರೆಯುವುದು ಬೀಜದ ಮೇಷ್ಟ್ರು ಅಂತಲೇ.

ಗುರುತು ಹಿಡಿಯುವುದು ಸುಲಭ. ನಡೆದರೆ ಜೇಬು ಗಿಲಗಿಲ ಅನ್ನುತ್ತದೆ. ಚಿಲ್ಲರೆ ಅಂದುಕೊಂಡು ಭಿಕ್ಷುಕರು ಹಿಂದೆ ಬಿದ್ದು, ಕೊನೆಗೆ ಒಂದು ಚಿಟಿಕೆ ಜೀನಿಯಾ ಬೀಜ ಈಸಿಕೊಂಡು ಹೋದದ್ದುಂಟು. ಮನೆಯಲ್ಲಿ ಮದುವೆ ಮುಯ್ಯಿನ ಕವರು, ಹಾರ್ಲಿಕ್ಸ್ ಬಾಟಲು, ಮಾತ್ರೆ ಡಬ್ಬಿ, ಯಾವುದೂ ತನ್ನ ಮೂಲ ಕೆಲಸಕ್ಕೆ ಉಳಿದಿಲ್ಲ. ಪ್ರತಿಯೊಂದರ ಮೇಲೂ ಮೇಷ್ಟ್ರ ದುಂಡು ಅಕ್ಷರದಲ್ಲಿ ವಿವರ: ‘ಹಳದಿ. ದೊಡ್ಡದು. ಲಾಲ್‌ಬಾಗ್, ಕಸದ ಬುಟ್ಟಿ ಪಕ್ಕ.’ ‘ನೇರಳೆಯೋ ನೀಲಿಯೋ, ಸಂಜೆ ನೋಡಿದ್ದು.’ ಒಂದು ಕವರಿನ ಮೇಲೆ ಬರೀ ‘ಗೊತ್ತಿಲ್ಲ, ಆದರೆ ಚೆನ್ನಾಗಿದೆ’ ಎಂದಿದೆ.

ಅವರ ಗೋಡೆಯ ಮೇಲೆ ಪಂಚಾಂಗವೂ ಇದೆ, ಕ್ಯಾಲೆಂಡರೂ ಇದೆ. ಆದರೆ ಮೇಷ್ಟ್ರ ವರ್ಷ ಯುಗಾದಿಗೆ ಶುರುವಾಗುವುದಿಲ್ಲ. ಜನವರಿಯಲ್ಲಿ ಗಣರಾಜ್ಯೋತ್ಸವದ ಲಾಲ್‌ಬಾಗ್ ಪ್ರದರ್ಶನದಿಂದ ಹೊರಟು, ಬೇಸಿಗೆ ಹತ್ತಿರವಾಗುವಾಗ ಹೆಸರಘಟ್ಟದ ತೋಟಗಾರಿಕೆ ಮೇಳ ಮುಟ್ಟಿ, ಆಗಸ್ಟಿನಲ್ಲಿ ಮತ್ತೆ ಲಾಲ್‌ಬಾಗಿಗೆ ಬಂದು, ನವೆಂಬರಿನಲ್ಲಿ ಜಿಕೆವಿಕೆಯ ಕೃಷಿ ಮೇಳಕ್ಕೆ ಮುಗಿಯುತ್ತದೆ. ನಡುವೆ ಸಮಯ ಸಿಕ್ಕರೆ ಬಿತ್ತನೆ. ‘ಭರಣಿ ಹದವಾಯ್ತು, ರೋಹಿಣಿ ಕೈಕೊಟ್ಟಿತು’ ಅಂತ ಇಪ್ಪತ್ತೇಳು ನಕ್ಷತ್ರಗಳ ಜಾತಕವನ್ನೂ ಬಾಯಲ್ಲೇ ಇಟ್ಟುಕೊಂಡಿರುತ್ತಾರೆ. ಅವರ ಜಮೀನು ಎಷ್ಟು ಅಂದಿರಾ? ಹದಿನಾಲ್ಕು ಕುಂಡ, ಎರಡು ಒಡೆದ ಬಕೆಟ್ಟು, ಮೋರಿ ಪಕ್ಕದ ಮೂರಡಿ ಮಣ್ಣು.

ಬಸ್ಸಿಗೆ ಬೆಂಗಳೂರಿಗೆ ಹೋಗುವುದು ಮೇಷ್ಟ್ರಿಗೆ ಒಗ್ಗದು. ಅವರ ಹಳೇ ವಿದ್ಯಾರ್ಥಿಯೊಬ್ಬ ರಾತ್ರಿ ಹೂವಿನ ಮೂಟೆ ತುಂಬಿಕೊಂಡು ಕೆ.ಆರ್. ಮಾರ್ಕೆಟ್ಟಿಗೆ ಗಾಡಿ ಹೊಡೆಯುತ್ತಾನೆ, ಅದರಲ್ಲೇ ಹೊರಡುತ್ತಾರೆ. ಮುಂದೆ ಜಾಗವಿಲ್ಲದಿದ್ದರೆ ಹಿಂದೆ, ಮೂಟೆಗಳ ಮೇಲೆ. ಮೊದಲ ಸಲ ಆ ಹುಡುಗ ಕೇಳಿದನಂತೆ.

“ಬೆಂಗ್ಳೂರಲ್ಲಿ ಯಾರಿಗಾದ್ರೂ ಹುಷಾರಿಲ್ವಾ ಸಾರ್?”

“ಇಲ್ಲಪ್ಪಾ, ಹೂವಿನ ಪ್ರದರ್ಶನ.”

ಹುಡುಗ ಗಾಡಿ ನಿಧಾನ ಮಾಡಿ ತಿರುಗಿ ನೋಡಿದ. “ನೀವು ಕೂತಿರೋದು ಯಾವುದ್ರ ಮೇಲೆ ಸಾರ್?”

“ಇದು ಸರಕಪ್ಪಾ. ಅಲ್ಲಿರೋದು ಹೂವು.”

ಹುಡುಗನಿಗೆ ಅರ್ಥವಾಗಲಿಲ್ಲ, ಮೇಷ್ಟ್ರ ಪಾಠ ಆಗಲೂ ಅವನಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಅವನೂ ಒಂದು ಮಾತು ಹೇಳಿದ: ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಹೆಬ್ಬಾಳ-ನಾಗವಾರದ ಕಡೆ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುತ್ತಾರೆ, ನಾವು ಅವರ ದೇವರ ತಲೆಗೆ ಹೂವು ಕಳಿಸುತ್ತೇವೆ, ಲೆಕ್ಕ ಚುಕ್ತಾ. ಇದನ್ನು ಮೇಷ್ಟ್ರು ತಮ್ಮದೇ ಮಾತು ಅಂತ ನನಗೆ ನಾಲ್ಕು ಸಲ ಹೇಳಿದ್ದಾರೆ.

ನಸುಕಿಗೆ ಮಾರ್ಕೆಟ್ಟಿನಲ್ಲಿ ಇಳಿದು, ಕಾಫಿ ಕುಡಿದು, ಲಾಲ್‌ಬಾಗಿನ ಬಾಗಿಲಿಗೆ ಬಂದು ನಿಂತರೆ ತಲೆ ತುಂಬ ಸೇವಂತಿಗೆ ಎಸಳು, ಪಂಚೆಯ ಮೇಲೆ ಚೆಂಡುಹೂವಿನ ಅರಿಶಿನ. ಸಾಲಿನಲ್ಲಿದ್ದ ಹೆಂಗಸೊಬ್ಬರು ಕೇಳಿದರು, “ಹೇಗಿದೆ ಸಾರ್ ಷೋ, ನೋಡ್ಕೊಂಡು ಬಂದ್ರಾ?” “ಇನ್ನೂ ಒಳಗೇ ಹೋಗಿಲ್ಲ ತಾಯಿ” ಎಂದರು ಮೇಷ್ಟ್ರು.

ಒಳಗೆ ಗಾಜಿನ ಮನೆ ಕಂಡ ಕೂಡಲೇ ಪಾಠ ಶುರು. 1889ರಲ್ಲಿ ಅಡಿಗಲ್ಲು ಬಿದ್ದದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸು, ಕ್ಯಾಮರಾನ್ ಸಾಹೇಬ, ಆಮೇಲೆ ಜರ್ಮನಿಯ ಕ್ರುಂಬಿಗಲ್, ಆಮೇಲೆ ನಮ್ಮ ಮರಿಗೌಡರು, ಎಲ್ಲ ಕ್ರಮವಾಗಿ. “ಸೀಮೆಬದನೆಕಾಯಿಯನ್ನು ಬೆಂಗಳೂರಿಗೆ ತಂದವನು ಈ ಕ್ಯಾಮರಾನೇ” ಎಂದು ಒಂದು ವರ್ಷ ಹೆಂಡತಿಗೆ ತೋರಿಸಿ ಹೇಳಿದರು. ಆಕೆ ಎರಡು ಗಂಟೆ ಬಿಸಿಲಲ್ಲಿ ನಡೆದು ಸುಸ್ತಾಗಿದ್ದರು. “ವಾರಕ್ಕೆ ಮೂರು ದಿನ ಅದರದೇ ಪಲ್ಯ ಮಾಡೋಳು ನಾನು. ಸಿಕ್ಕಿದ್ರೆ ಅವನನ್ನ ಕೇಳ್ಬೇಕಿತ್ತು” ಎಂದರಂತೆ. ಅಲ್ಲಿಂದ ಮುಂದೆ ಆಕೆ ಪ್ರದರ್ಶನಕ್ಕೆ ಹೋಗಿಲ್ಲ.

ಗಾಜಿನ ಮನೆಯಲ್ಲಿ ಜನರ ಕಣ್ಣೆಲ್ಲ ಮೇಲೆ, ಲಕ್ಷಗಟ್ಟಲೆ ಹೂವಿನಲ್ಲಿ ಕಟ್ಟಿದ ಆ ವರ್ಷದ ಆಕೃತಿಯ ಮೇಲೆ. ಮೇಷ್ಟ್ರ ಕಣ್ಣು ಮಾತ್ರ ಕುಂಡದ ಬುಡದಲ್ಲಿ. ಕಿತ್ತರೆ ಕಳ್ಳತನ, ಬಿದ್ದದ್ದನ್ನು ಎತ್ತಿಕೊಂಡರೆ ಪ್ರಸಾದ, ಇದು ಅವರ ಧರ್ಮಶಾಸ್ತ್ರ. 2022ರ ಆಗಸ್ಟಿನಲ್ಲಿ ಪ್ರದರ್ಶನ ಡಾ. ರಾಜ್‌ಕುಮಾರ್ ಮತ್ತು ಪುನೀತ್ ಅವರಿಗೆ ಅರ್ಪಣೆಯಾಗಿತ್ತು. ಗಾಜನೂರಿನ ಮನೆಯನ್ನೇ ಹೂವಿನಲ್ಲಿ ಎಬ್ಬಿಸಿದ್ದರು. ಜನ ಕಣ್ಣೊರೆಸಿಕೊಳ್ಳುತ್ತ ಸಾಗುತ್ತಿದ್ದಾಗ ಮೇಷ್ಟ್ರಿಗೆ ಅಪ್ಪುವಿನ ಪ್ರತಿಮೆಯ ಪಕ್ಕದ ಕುಂಡದ ಕೆಳಗೆ ಬಲಿತು ಉದುರಿದ ಸಾಲ್ವಿಯಾ ಬೀಜ ಕಂಡಿತು. ಮಂಡಿಯೂರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, ಒಂದೊಂದೇ ಆಯತೊಡಗಿದರು. ಹಿಂದಿದ್ದ ಇಬ್ಬರು ಹುಡುಗರು ನೋಡಿ ಅವರೂ ಬಗ್ಗಿದರು. ಅವರ ಹಿಂದಿದ್ದ ಕುಟುಂಬ ಮಗುವನ್ನೂ ಬಗ್ಗಿಸಿತು. ಮೇಷ್ಟ್ರು ಏಳುವ ಹೊತ್ತಿಗೆ ಇಡೀ ಸಾಲೇ ಅಡ್ಡಬಿದ್ದಿತ್ತು. “ಅಪ್ಪು ಸಾರ್ ಅಂದ್ರೆ ಅಷ್ಟು ಪ್ರೀತಿನಾ ಯಜಮಾನ್ರೇ?” ಎಂದು ಒಬ್ಬ ಗದ್ಗದನಾಗಿ ಕೇಳಿದಾಗ ಮೇಷ್ಟ್ರು ಮುಷ್ಟಿ ಬಿಗಿಮಾಡಿ “ಇರಲ್ವೇನಪ್ಪಾ” ಎಂದು ಮೆಲ್ಲಗೆ ಜಾರಿಕೊಂಡರು. ಆ ಸಾಲ್ವಿಯಾ ಮೊಳೆಯಲಿಲ್ಲ.

ಬೀಜ ತರುವುದು ಅರ್ಧ ಹುಚ್ಚು, ಹಂಚುವುದು ಉಳಿದರ್ಧ. ಗೌರಿಬಿದನೂರಿಗೆ ಕೊಟ್ಟ ಮಗಳ ಸೀಮಂತದಲ್ಲಿ ಐದು ಬಗೆ ಹಣ್ಣಿನ ಜೊತೆ ಒಂದು ತಟ್ಟೆ ಗಿಡ್ಡ ಸೂರ್ಯಕಾಂತಿ ಬೀಜವನ್ನೂ ಇಟ್ಟರು. ವಾರ ಕಳೆದು ಬೀಗಿತ್ತಿ ಫೋನು ಮಾಡಿದರು. “ಬೀಗರೇ, ಚೆನ್ನಾಗಿತ್ತು. ಉಪ್ಪು ಹಾಕಿ ಹುರಿದೆ. ಇನ್ನೊಂದಿಷ್ಟಿದ್ರೆ ಕಳಿಸಿ.” ಮದ್ದು ಸವರದ ಬೀಜವಾಗಿದ್ದದ್ದು ಮಗಳ ಪುಣ್ಯ. ಶಿಡ್ಲಘಟ್ಟದ ಭಾವಮೈದುನ ಆ ವಿಷಯದಲ್ಲಿ ಹುಷಾರಿ. ಅವನದು ರೇಷ್ಮೆ ಹುಳುವಿನ ಮನೆ. ಕಂಪನಿ ಬೀಜಕ್ಕೆ ಸವರುವ ಗುಲಾಬಿ ಪುಡಿ ಕಂಡರೆ ಅವನ ಎದೆ ನಡುಗುತ್ತದೆ, ಔಷಧಿ ಸೋಕಿದ ಒಂದು ಎಲೆ ಸಾಕು, ಚಂದ್ರಿಕೆ ಹತ್ತಬೇಕಾದ ಹುಳು ತಟ್ಟೆಯಲ್ಲೇ ಮಲಗಿಬಿಡುತ್ತದೆ. “ಭಾವ, ನಾಲ್ಕನೇ ಜ್ವರ ಎದ್ದಿರೋ ಹುಳ. ಅಂಗಿ ಜಗಲಿ ಮೇಲೆ ಬಿಚ್ಚಿಟ್ಟು, ಕೈಕಾಲು ತೊಳ್ಕೊಂಡು ಬನ್ನಿ.” ಶಿಡ್ಲಘಟ್ಟದಲ್ಲಿ ಮೇಷ್ಟ್ರಿಗೆ ನಡೆಯುವ ಎಲ್ಲ ಉಪಚಾರವೂ ಬನಿಯನ್ನಿನಲ್ಲೇ.

ಇನ್ನು ಚಿಂತಾಮಣಿ ಕಡೆಯ ದಾಯಾದಿ ತಮ್ಮ. ಅವನದು ಟೊಮ್ಯಾಟೊ. ಹೆಸರಘಟ್ಟದಲ್ಲಿ ಕೇಳಿಕೊಂಡು ಬಂದ ಒಂದು ಸೂತ್ರವನ್ನು ಮೇಷ್ಟ್ರು ಅವನಿಗೆ ದಾಟಿಸಿದರು: 16 ಸಾಲು ಟೊಮ್ಯಾಟೊಗೆ 1 ಸಾಲು ಚೆಂಡುಹೂ. 25 ದಿನದ ಟೊಮ್ಯಾಟೊ ಸಸಿ, 40 ದಿನದ ಚೆಂಡುಹೂ ಸಸಿ, ಒಂದೇ ದಿನ ನಾಟಿ. ಕಾಯಿಕೊರಕದ ಚಿಟ್ಟೆ ಹೂವಿಗೆ ಮರುಳಾಗಿ ಅಲ್ಲೇ ಮೊಟ್ಟೆ ಇಡುತ್ತದೆ, ಟೊಮ್ಯಾಟೊ ಉಳಿಯುತ್ತದೆ. ಸೂತ್ರ ಸರಿಯಾದದ್ದೇ, ಟೊಮ್ಯಾಟೊ ಉಳಿಯಿತು. ಆದರೆ ಅಂಥಾ ಒಳ್ಳೇ ಟೊಮ್ಯಾಟೊ ಆ ವರ್ಷ ಎಲ್ಲರಿಗೂ ಬಂದು, ಕ್ರೇಟು ಬಾಡಿಗೆಯೂ ಹುಟ್ಟಲಿಲ್ಲ. ಅದೇ ಹೊತ್ತಿಗೆ ಆಯುಧಪೂಜೆ ಬಂತು. ಹುಳುವಿಗೆಂದು ಹಾಕಿದ ಒಂದು ಸಾಲು ಚೆಂಡುಹೂವು ಗೊಬ್ಬರದ ದುಡ್ಡು ತಂದುಕೊಟ್ಟಿತು. ತಮ್ಮ ಲೆಕ್ಕ ಬಲ್ಲವನು. ಮುಂದಿನ ವರ್ಷ ಸೂತ್ರವನ್ನು ತಿರುಗಿಸಿದ: 16 ಸಾಲು ಚೆಂಡುಹೂ, 1 ಸಾಲು ಟೊಮ್ಯಾಟೊ. ಆ ಸಲ ಹಬ್ಬಕ್ಕೆ ಮೊದಲೇ ಮಳೆ ಹಿಡಿದು ಹೂವು ಕೊಳೆಯಿತು, ಟೊಮ್ಯಾಟೊಗೆ ಚಿನ್ನದ ಬೆಲೆ ಬಂತು. “ಮೇಷ್ಟ್ರಣ್ಣಾ, ಈ ವರ್ಷ ಏನು ಸೂತ್ರ?” ಎಂದು ಅವನು ಈಗಲೂ ಕೇಳುತ್ತಾನೆ. ಕೇಳುವಾಗ ಹಲ್ಲು ಕಚ್ಚಿರುತ್ತಾನೆ.

ಇಷ್ಟೆಲ್ಲದರ ನಡುವೆ ಆ ಮನೆಯಲ್ಲಿ ಬೀಜದ ವಿಷಯ ನಿಜವಾಗಿ ಬಲ್ಲವರು ಯಾರು ಎಂಬುದು ಬೀದಿಗೆಲ್ಲ ತಿಳಿದದ್ದು ಅವರೆಕಾಯಿಯಿಂದ.

ಮೇಷ್ಟ್ರ ಹೆಂಡತಿ ರಾಗಿ ಹೊಲದವರ ಮಗಳು. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬೆಳೆದ ಮನೆತನ. ತವರಿನ ಸೊಗಡವರೆ ಬೀಜವನ್ನು ಬೂದಿ ಬೆರೆಸಿ, ಮಡಕೆಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ ಇಟ್ಟಿರುತ್ತಾರೆ. ಮಾತಾಡುವುದಿಲ್ಲ, ಆರಿದ್ರಾ ಮಳೆ ಬಿದ್ದ ಮೇಲೆ ಹತ್ತು ಕಾಳು ಊರುತ್ತಾರೆ ಅಷ್ಟೇ. ಮೇಷ್ಟ್ರು ಒಂದು ಕೃಷಿ ಮೇಳದಿಂದ ಹೆಬ್ಬಾಳ ಅವರೆ ತಂದರು. ಅದು ಕಾಲ ನೋಡುವ ತಳಿಯಲ್ಲ, ಯಾವಾಗ ಬಿತ್ತಿದರೂ ಹೂವು ಬಿಡುತ್ತದೆ. ಶಿವರಾತ್ರಿ ಆದ ಮೇಲೆ ಬಿತ್ತಿ, “ಬೇಸಿಗೆಯಲ್ಲಿ ಬೀದಿಗೆಲ್ಲ ಹಿದುಕಿದ ಬೇಳೆ ಸಾರು” ಎಂದು ಸಾರಿದರು. ಬಳ್ಳಿ ಬಂತು. ಕಾಂಪೌಂಡು ಹತ್ತಿತು, ಬಟ್ಟೆ ಒಣಹಾಕುವ ತಂತಿ ಹಿಡಿಯಿತು, ನಮ್ಮ ಮನೆಯ ಕಿಟಕಿಗೆ ಕೈ ಹಾಕಿತು. ಏಪ್ರಿಲ್ ಆಯಿತು, ಜೂನ್ ಆಯಿತು, ಒಂದು ಹೂವಿಲ್ಲ. ಮೇಷ್ಟ್ರು ಮಣ್ಣು ಪರೀಕ್ಷೆಗೆ ಕಳಿಸಿದರು. ಮಜ್ಜಿಗೆ ಸಿಂಪಡಿಸಿದರು. ತಳಿ ಕೊಟ್ಟವರಿಗೆ ಫೋನು ಮಾಡಿ, “ನಿಮ್ಮ ಸಂಶೋಧನೆಯನ್ನು ಮರುಪರಿಶೀಲಿಸಬೇಕಾಗಿದೆ” ಎಂದರು. ಬಟ್ಟೆ ಒಣಗಿಸಲು ಜಾಗವಿಲ್ಲದೆ ಆಕೆ ನಮ್ಮ ಮಹಡಿಗೆ ಬರತೊಡಗಿದರು.

ಕಾರ್ತಿಕ ಮುಗಿಯುವ ಹೊತ್ತಿಗೆ ಬಳ್ಳಿಗೆ ಬಳ್ಳಿಯೇ ಹೂವಾಯಿತು. ಚಳಿ ಬಿದ್ದಂತೆ ಕಾಯಿ. ಇಬ್ಬನಿಯಲ್ಲಿ ಆ ವಾಸನೆ ಬೀದಿ ತುದಿಯವರೆಗೆ.

“ನಮ್ಮ ಮನೆ ಬೀಜ ಅದು” ಎಂದರು ಆಕೆ, ಕಾಯಿ ಕೀಳುತ್ತ. “ಅವತ್ತು ನನ್ನ ಮಡಕೆಗೆ ಕೈ ಹಾಕಿ ನಿಮ್ಮ ಕವರಿಗೆ ತುಂಬ್ಕೊಂಡ್ರಲ್ಲ. ಮೇಳದ್ದು ಇನ್ನೂ ಸಾಸಿವೆ ಡಬ್ಬೀಲಿದೆ. ಇದು ಚಳಿ ಬೀಳದೆ ಹೂವು ಬಿಡಲ್ಲ.”

“ಚಳಿ ಅಲ್ಲ ಕಣೇ, ಹಗಲು ಗಿಡ್ಡ ಆಗ್ಬೇಕು” ಎಂದು ಮೇಷ್ಟ್ರು ತಿದ್ದಿದರು. ಆಮೇಲೆ ಹೊಳೆಯಿತು. “ಗೊತ್ತಿದ್ದೂ ಒಂಬತ್ತು ತಿಂಗಳು ಯಾಕೆ ಹೇಳಲಿಲ್ಲ?”

“ನೀವು ಕೇಳಿದ್ದು ಹೆಬ್ಬಾಳದವರನ್ನ.”

ಆ ಸಂಕ್ರಾಂತಿಗೆ ಬೀದಿಗೆಲ್ಲ ಹಿದುಕಿದ ಬೇಳೆ ಸಿಕ್ಕಿತು. ಮೇಷ್ಟ್ರು ಹೇಳಿದ ಮಾತು ತಪ್ಪಲಿಲ್ಲ, ಬೇಸಿಗೆ ಮಾತ್ರ ತಪ್ಪಿತು.

ಹೋದ ವರ್ಷ ಜನವರಿಯಲ್ಲಿ ಲಾಲ್‌ಬಾಗಿನಿಂದ ಬಂದ ಕೆಲವು ದಿನಕ್ಕೆ, ಪಂಚೆ ಒಗೆದ ನೀರು ಹರಿಯುವ ಮೋರಿ ಪಕ್ಕದಲ್ಲಿ ಎರಡೆಲೆಯ ಸಸಿಗಳ ಒಂದು ಗುಂಪು ಎದ್ದಿತು. ಎರಡೆಲೆ ಇರುವಾಗ ಎಲ್ಲ ಗಿಡವೂ ಕೂಸೇ, ಯಾವ ಜಾತಿ ಅಂತ ಯಾರು ಹೇಳಿಯಾರು? ಜೇಬಿನಿಂದ ಜಾರಿದ್ದು ಎಂದು ಮೇಷ್ಟ್ರು ಕುಣಿದರು. ತೆಂಗಿನ ನಾರು ಹಾಸಿದರು, ಬಿಸಿಲಿಗೆ ಹಳೇ ಛತ್ರಿ ಕಟ್ಟಿದರು, ‘ಲಾಲ್‌ಬಾಗ್, ವಿದೇಶಿ ಇರಬಹುದು’ ಎಂದು ಫಲಕ ನೆಟ್ಟರು. ಮುಂಗಾರು ಹಿಡಿದ ಮೇಲೆ ಗಿಡಗಳು ಸೊಂಟದೆತ್ತರ ಬೆಳೆದು, ಕೆಳಮುಖವಾದ ಮುಳ್ಳುಮುಳ್ಳು ತೆನೆ ಹೊರಟಾಗ ಹಾಲಿನ ಹುಡುಗ ನೋಡಿ ಹೇಳಿದ: “ಇದು ಉತ್ತರಾಣಿ ಅಲ್ವಾ ಸಾರ್?” ಪಂಚೆಗೆ ಅಂಟಿಕೊಂಡು ಬಂದ ಬೀಜ. ಅದೂ ಲಾಲ್‌ಬಾಗಿನದಲ್ಲ, ನಮ್ಮದೇ ಬೀದಿಯ ಮೂಲೆಯ ಖಾಲಿ ಸೈಟಿನದು ಎಂದು ಮೇಷ್ಟ್ರ ಹೆಂಡತಿ ಒಳಗಿನಿಂದಲೇ ತೀರ್ಪು ಕೊಟ್ಟರು.

ಮೇಷ್ಟ್ರು ಫಲಕ ಕಿತ್ತರು, ಗಿಡ ಕೀಳಲಿಲ್ಲ. ಗಣೇಶನಿಗೆ ಏರಿಸುವ ಇಪ್ಪತ್ತೊಂದು ಪತ್ರೆಯಲ್ಲಿ ಅದೂ ಒಂದು ಎಂದು ನೆವ ಹೇಳಿದರು. ಚೌತಿಯ ಮಾರನೇ ದಿನ ಋಷಿಪಂಚಮಿ. ಉತ್ತರಾಣಿ ಕಡ್ಡಿಯಲ್ಲಿ ಹಲ್ಲುಜ್ಜಿ ವ್ರತ ಹಿಡಿಯುವ ಹಿರಿಯ ಹೆಂಗಸರು ಖಾಲಿ ಸೈಟಿಗೆ ಹೋದರೆ ಅಲ್ಲಿ ಪಾಯ ತೋಡಿದ್ದರು. ನಸುಕಿನಲ್ಲೇ ಏಳೆಂಟು ಜನ ಮೇಷ್ಟ್ರ ಗೇಟಿಗೆ ಬಂದರು. ಮೂವತ್ತು ವರ್ಷದಲ್ಲಿ ಮೊದಲ ಸಲ ತಮ್ಮ ಬೆಳೆಯನ್ನು ಕೇಳಿಕೊಂಡು ಜನ ಬಂದದ್ದು ಕಂಡು ಮೇಷ್ಟ್ರಿಗೆ ಮಾತೇ ಹೊರಡಲಿಲ್ಲ. ಕಡ್ಡಿ ಕತ್ತರಿಸಿ ಕಟ್ಟು ಕಟ್ಟಿ ಕೊಟ್ಟರು. ಹೊರಡುವಾಗ “ಒಂದು ನಿಮಿಷ ಇರ್ರಮ್ಮಾ” ಎಂದು ಒಳಗೆ ಓಡಿ, ಮುಯ್ಯಿನ ಕವರುಗಳಿಗೆ ಉತ್ತರಾಣಿ ಬೀಜ ತುಂಬಿ, ಮೇಲೆ ‘ನಮ್ಮ ತೋಟದ್ದು’ ಎಂದು ಬರೆದು ತಂದರು.

“ಕವರು ಬೇಡ ಬಿಡ್ರೀ” ಎಂದರು ಆಕೆ, ಬಾಗಿಲಿಗೊರಗಿ. “ಅವರ ಸೀರೆ ಅಂಚು ನೋಡಿ. ದಾರಿಯುದ್ದಕ್ಕೂ ಬಿತ್ತಿಕೊಂಡೇ ಹೋಗ್ತಾರೆ.”