ಸ್ವಲ್ಪ ಶೈನಿಂಗ್ ಹಾಕಿ ಸಾರ್!

ಹೊಸ ಮೊಬೈಲ್ ತಂದವರು ಮೊದಲು ಮಾಡುವ ಕೆಲಸ ಏನು? ಪರದೆಯ ಮೇಲೆ ಟ್ಯೂಬ್‌ಲೈಟ್ ಕಾಣ್ತಿದೆ ಅಂತ ಗೊಣಗಿ, ಮ್ಯಾಟ್ ಫಿನಿಶ್ ಗಾರ್ಡ್ ಅಂಟಿಸಿಕೊಂಡು ಬರುವುದು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಅಂಗೈಯನ್ನೇ ಕೊಡೆ ಮಾಡಿಕೊಂಡು ವಾಟ್ಸಾಪ್ ಓದುವುದು. ಮನೆಯಲ್ಲಿ ಮ್ಯಾಚು ನೋಡುವಾಗ ಟಿ.ವಿ.ಯೊಳಗೆ ಎದುರುಗೋಡೆಯ ಕಿಟಕಿ ಕಂಡಿತೋ, ಕರ್ಟನ್ ಎಳೆಯಿರೆಂದು ಮನೆಮಂದಿಗೆಲ್ಲ ಕೂಗು. ಇಂಥ ನಾವೇ ಡಿಟಿಪಿ ಅಂಗಡಿಗೆ ಹೋಗಿ, ಕಂಪ್ಯೂಟರ್ ಮುಂದೆ ಕೂತ ಹುಡುಗನ ಬೆನ್ನ ಹಿಂದೆ ನಿಂತು, "ಎಲ್ಲ ಚೆನ್ನಾಗಿದೆ ಮಾರಾಯ, ಆದ್ರೆ ಸ್ವಲ್ಪ ಶೈನಿಂಗ್ ಹಾಕು. ಗ್ಲಾಸ್ ಥರ ಬರ್ಲಿ" ಎನ್ನುತ್ತೇವೆ. ಇರುವ ಹೊಳಪು ಒರೆಸಿ ತೆಗೆಯಬೇಕು. ಇಲ್ಲದ ಹೊಳಪಿಗೆ ಕಾಸು ಕೊಡಬೇಕು.

ಹುಡುಗ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವವನಲ್ಲ. ಫೋಟೋಶಾಪಿನಲ್ಲಿ ಮೊಬೈಲಿನ ಚಿತ್ರ ತೆರೆದಿದೆ. ಪರದೆಯ ಲೇಯರಿನ ಪುಟಾಣಿ ಚೌಕದ ಮೇಲೆ ಕಂಟ್ರೋಲ್ ಒತ್ತಿ ಒಂದು ಕ್ಲಿಕ್. ಪರದೆಯ ಅಂಚಿನ ಸುತ್ತ ಚುಕ್ಕಿಗೆರೆ ಓಡಾಡತೊಡಗುತ್ತದೆ. ಮೇಲೊಂದು ಹೊಸ ಲೇಯರ್. ಆಲ್ಟ್ ಒತ್ತಿ ಹಿಡಿದು ಪಾಲಿಗನಲ್ ಲ್ಯಾಸೋದಲ್ಲಿ ಓರೆಯಾಗಿ ಸುತ್ತಿದರೆ ಕೆಳಗಿನ ಅರ್ಧ ಭಾಗ ಆಯ್ಕೆಯಿಂದ ಕಳಚಿಕೊಳ್ಳುತ್ತದೆ. ಉಳಿದ ತ್ರಿಕೋನದಲ್ಲಿ ಎಡಮೂಲೆಯಿಂದ ಬಿಳಿ ಗ್ರೇಡಿಯೆಂಟ್ ಎಳೆಯುತ್ತಾನೆ. ಮೂಲೆಯಲ್ಲಿ ಗಟ್ಟಿ ಬಿಳಿ, ಬರುಬರುತ್ತಾ ಏನೂ ಇಲ್ಲ. ಡೊಂಕು ಗಾಜು ಬೇಕೆಂದರೆ ಲ್ಯಾಸೋ ಬದಲು ಪರದೆಗಿಂತ ದೊಡ್ಡದೊಂದು ಅಂಡಾಕಾರ ಎಳೆದರಾಯಿತು. ಫೋಟೋಶಾಪಿಗೆ ದುಡ್ಡಿಲ್ಲದ ನಮ್ಮಂಥವರಿಗೆ ಜಿಂಪ್ ಇದೆ. ಅಲ್ಲಿ ಲೇಯರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ಫಾ ಟು ಸೆಲೆಕ್ಷನ್' ಅಂದರೆ ಅದೇ ಚುಕ್ಕಿಗೆರೆ, ಪುಕ್ಕಟೆ.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡಿರಾ? ಅಸಲಿ ಆಟ ಈಗ ಶುರು. ಅದರ ಹೆಸರು ಒಪ್ಯಾಸಿಟಿ, ಅಂದರೆ ಬಳಿದ ಬಿಳಿ ನೂರಕ್ಕೆ ಎಷ್ಟು ಪಾಲು ಗಟ್ಟಿ ಎಂಬ ಲೆಕ್ಕ. ಹುಡುಗ 15ಕ್ಕೆ ಇಟ್ಟು ನಿಮ್ಮ ಮುಖ ನೋಡುತ್ತಾನೆ. "ಕಾಣಿಸ್ತಾನೇ ಇಲ್ವಲ್ಲ?" 25. "ಇನ್ನೊಂಚೂರು." 40. "ಕೊಟ್ಟಿದ್ದಕ್ಕೆ ಮೋಸ ಇಲ್ದಂಗೆ ಹಾಕಯ್ಯ." 60. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಿದಂತೆ, ಆದರೆ ಉಲ್ಟಾ. ಇಲ್ಲಿ ಕೊಳ್ಳುವವನೇ ರೇಟು ಏರಿಸುತ್ತಾ ಹೋಗುತ್ತಾನೆ. ಕೊನೆಗೆ ಪರದೆಯೊಳಗೆ ಏನಿತ್ತೆಂಬುದು ಪರದೆಗೂ ಮರೆತುಹೋಗಿರುತ್ತದೆ.

ನಿಜವಾದ ಗಾಜು ಎಷ್ಟು ಮಿತಭಾಷಿ ಗೊತ್ತೇ? ನೇರವಾಗಿ ಬಿದ್ದ ಬೆಳಕಿನಲ್ಲಿ ಸಾಧಾರಣ ಗಾಜಿನ ಒಂದು ಮೈ ವಾಪಸು ಕಳಿಸುವುದು ಸುಮಾರು ನೂರಕ್ಕೆ 4 ಪಾಲು. ಎರಡೂ ಮೈ ಸೇರಿ 8ರ ಆಸುಪಾಸು. ಉಳಿದದ್ದೆಲ್ಲ ಒಳಗೆ ಹೋಗಲಿ ಬಿಡು ಎನ್ನುವ ಧಾರಾಳಿ. ಹಾಗಿದ್ದರೆ ಕಿಟಕಿ ಯಾಕೆ ಅಷ್ಟು ಢಾಳಾಗಿ ಕಾಣುತ್ತದೆ ಅಂದರೆ, ಆಚೆಯ ಮಟಮಟ ಮಧ್ಯಾಹ್ನದ 4 ಪಾಲೂ ನಮ್ಮ ಪರದೆಯ ಬಡ ಬೆಳಕಿಗೆ ಭಾರವೇ. ಓರೆಯಾಗಿ ನೋಡಿದಷ್ಟೂ ಪ್ರತಿಫಲನ ಏರುತ್ತದೆ. ತೀರಾ ಪಕ್ಕದಿಂದ ಇಣುಕಿದರೆ ಗಾಜು ಕನ್ನಡಿಯಾಗಿಬಿಡುತ್ತದೆ. ಇದನ್ನು ಬಲ್ಲ ಡಿಸೈನರ್ ಹೊಳಪನ್ನು ಅಂಚಿನಲ್ಲಿ ಏರಿಸಿ ನಡುವೆ ಇಳಿಸುತ್ತಾನೆ. ಅರಿಯದವನು ಪರದೆಯ ಉದ್ದಗಲಕ್ಕೂ ಸುಣ್ಣ ಬಳಿಯುತ್ತಾನೆ.

ಇನ್ನು ಮೇಲಿನ ಲೇಯರ್ ಕೆಳಗಿನದರೊಡನೆ ಹೇಗೆ ಬೆರೆಯಬೇಕೆನ್ನುವ ಬ್ಲೆಂಡಿಂಗ್ ಮೋಡ್ ಎಂಬ ಶಾಸ್ತ್ರಾರ್ಥ. "ಲೇಯರನ್ನು ಸ್ಕ್ರೀನ್ ಮೋಡಿಗೆ ಹಾಕಿ, ಆಗಲೇ ಗಾಜಿನ ಫೀಲ್" ಎಂದು ಉಪದೇಶ ಮಾಡುವ ಪಂಡಿತರು ಊರಿಗೊಬ್ಬರಿದ್ದಾರೆ. ಅದರ ಲೆಕ್ಕ ಇಷ್ಟೆ: ಎರಡೂ ಬಣ್ಣಗಳನ್ನು ತಿರುಗುಮುರುಗು ಮಾಡಿ, ಗುಣಿಸಿ, ಬಂದದ್ದನ್ನು ಮತ್ತೆ ತಿರುಗಿಸುವುದು. ಅರ್ಧ ಬೂದಿಯ ಮೇಲೆ ಅರ್ಧ ಬೂದಿ ಬಿದ್ದರೆ ಮುಕ್ಕಾಲು ಬೆಳ್ಳಗೆ. ಒಂದೇ ಗೋಡೆಗೆ ಎರಡು ಪ್ರೊಜೆಕ್ಟರ್ ಹಿಡಿದ ಹಾಗೆ, ಬೆಳಕು ಕೂಡುತ್ತದೆಯೇ ಹೊರತು ಕಳೆಯುವುದಿಲ್ಲ. ತಮಾಷೆಯೆಂದರೆ, ಹಚ್ಚಿದ್ದು ಅಪ್ಪಟ ಬಿಳಿಯಾದರೆ ನಾರ್ಮಲ್ ಮೋಡಿನಲ್ಲಿಟ್ಟರೂ ಸ್ಕ್ರೀನ್ ಮೋಡಿನಲ್ಲಿಟ್ಟರೂ ಫಲ ಒಂದೇ! ಬೇಕಾದರೆ ಲೆಕ್ಕ ಹಾಕಿ ನೋಡಿ. ಪಂಡಿತರ ಎದುರು ಮಾತ್ರ ಹೇಳಬೇಡಿ, ಪಾಪ. ಈ ಮೋಡ್ ನಿಜವಾಗಿ ಒದಗುವುದು ಬೇರೆ ಕಡೆ. ಕತ್ತಲ ಕೋಣೆಯಲ್ಲಿ ಕಿಟಕಿಯ ಫೋಟೊ ತೆಗೆದು ಗಾಜಿನ ಮೇಲಿಟ್ಟು ಸ್ಕ್ರೀನ್ ಮಾಡಿದರೆ, ಕಪ್ಪೆಲ್ಲ ಮಾಯವಾಗಿ ಕಿಟಕಿಯೊಂದೇ ಗಾಜಿನಲ್ಲಿ ತೇಲುತ್ತದೆ. ಬಿಳಿ ತ್ರಿಕೋನಕ್ಕಿಂತ ಅದು ನೂರು ಪಾಲು ಮೇಲು. ಆದರೆ ಕಿಟಕಿಯ ಫೋಟೊ ತೆಗೆಯಲು ಕುರ್ಚಿ ಬಿಟ್ಟು ಏಳಬೇಕಲ್ಲ!

ಹೌದು, ಆ ಬಿಳಿ ತ್ರಿಕೋನ ಯಾವ ಕಿಟಕಿಯದು ಅಂತ ಯಾರಾದರೂ ಕೇಳಿದ್ದುಂಟೆ? ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವಿಲ್ಲೆಮ್ ಕ್ಲಾಸ್ ಹೆಡಾ ವೈನ್ ಲೋಟ ಬರೆದರೆ, ಲೋಟದ ಹೊಟ್ಟೆಯಲ್ಲಿ ಅವನ ಕೋಣೆಯ ಕಿಟಕಿ ಚೌಕಟ್ಟಿನ ಸಮೇತ ಬಾಗಿ ಕಾಣುತ್ತದೆ. ಅದೇ ಕಾಲದ ಪೀಟರ್ ಕ್ಲಾಸ್ ಒಂದು ಚಿತ್ರದಲ್ಲಿ ಗಾಜಿನ ಗುಂಡು ಬರೆದು, ಗುಂಡಿನೊಳಗೆ ಚಿತ್ರ ಬರೆಯುತ್ತ ಕೂತ ತನ್ನನ್ನೇ ಕೂರಿಸಿದ. ಅಲ್ಲಿ ಹೊಳಪಿಗೊಂದು ವಿಳಾಸವಿತ್ತು. ವ್ಯಂಗ್ಯಚಿತ್ರಕಾರರ ಕೈಗೆ ಬರುವಷ್ಟರಲ್ಲಿ ಕಿಟಕಿ ಸವೆದು ಎರಡು ಓರೆಗೆರೆಯಾಯಿತು; ಖಾಲಿ ಚೌಕಕ್ಕೆ ಆ ಗೆರೆ ಎಳೆದರೆ ಕನ್ನಡಿ, ಇಲ್ಲದಿದ್ದರೆ ಬರೀ ಚೌಕ. ನಮ್ಮ ಡಿಟಿಪಿ ಹುಡುಗನ ತ್ರಿಕೋನ ಆ ವಂಶದ ಕಟ್ಟಕಡೆಯ ಕುಡಿ. ಅದರಲ್ಲಿ ಕಿಟಕಿಯೂ ಇಲ್ಲ, ಕೋಣೆಯೂ ಇಲ್ಲ. ನಡುಬಯಲಲ್ಲಿ ನಿಂತ ಟ್ರ್ಯಾಕ್ಟರಿನ ಬ್ಯಾನರಿಗೂ ಅದೇ ಕಿಟಕಿಯ ಬೆಳಕು.

ಸ್ಟುಡಿಯೋದವರ ಕಥೆ ಇನ್ನೂ ಚೆಂದ. ಜಾಹೀರಾತಿಗೆ ಫೋನಿನ ಫೋಟೊ ತೆಗೆಯಬೇಕಾದರೆ ಸುತ್ತ ಕಪ್ಪುಬಟ್ಟೆ ಕಟ್ಟುತ್ತಾರೆ, ಕ್ಯಾಮೆರಾಕ್ಕೆ ಪೋಲರೈಸರ್ ತೊಡಿಸುತ್ತಾರೆ. ಗಾಜಿನಲ್ಲಿ ಕ್ಯಾಮೆರಾ ಕಾಣಬಾರದು, ಫೋಟೊ ತೆಗೆಯುವವನ ಹೊಟ್ಟೆಯಂತೂ ಕಾಣಲೇಬಾರದು. ಹೀಗೆ ಬೆವರಿಳಿಸಿ ಒಂದೊಂದೇ ಪ್ರತಿಫಲನ ಓಡಿಸಿ, ಫೋಟೊ ಕಂಪ್ಯೂಟರಿಗೆ ಬಂದಮೇಲೆ ಪರದೆಯ ಜಾಗಕ್ಕೆ ಬೇರೆ ಚಿತ್ರ ಅಂಟಿಸುತ್ತಾರೆ. ಆಮೇಲೆ? "ಯಾಕೋ ಸಪ್ಪೆ ಅನಿಸ್ತಿದೆ, ಮೇಲೊಂದು ರಿಫ್ಲೆಕ್ಷನ್ ಕೊಡಿ."

ಈ ಚಟ ಹತ್ತಿಸಿದ ದೊಡ್ಡ ಮನುಷ್ಯ ಸ್ಟೀವ್ ಜಾಬ್ಸ್ ಎಂದರೆ ತಪ್ಪಾಗಲಾರದು. 2000ದ ಜನವರಿಯಲ್ಲಿ ಆಪಲ್ ತನ್ನ ಕಂಪ್ಯೂಟರುಗಳ ಪರದೆಗೆ 'ಆಕ್ವಾ' ಎಂಬ ಹೊಸ ಮುಖವನ್ನು ತೋರಿಸಿತು. ಗುಂಡಿಗಳೆಲ್ಲ ನೀಲಿ ಜೆಲ್ಲಿಯಂತೆ ನಿಗಿನಿಗಿ; ನೆಕ್ಕಬೇಕು ಅನ್ನಿಸುವಷ್ಟು ಚೆನ್ನಾಗಿ ಮಾಡಿದ್ದೇವೆ ಎಂದು ಜಾಬ್ಸ್ ಜಂಬ ಕೊಚ್ಚಿದರು. ಅಲ್ಲಿಂದ ಶುರುವಾಯಿತು ನೋಡಿ ಜಗತ್ತಿನ ಜೊಲ್ಲು. ಲಾಗಿನ್ ಗುಂಡಿಗೆ ಗಾಜು, ಲೋಗೊಗೆ ಗಾಜು, ಲೋಗೊ ಕೆಳಗೆ ಕೆರೆಯಲ್ಲಿ ಬಿದ್ದಂತೆ ತಲೆಕೆಳಗಾದ ಇನ್ನೊಂದು ಲೋಗೊ. 2007ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ವಿಸ್ತಾದ ಕಿಟಕಿಗಳ ಅಂಚನ್ನೆಲ್ಲ ಗಾಜು ಮಾಡಿತು. ಅದೇ ವರ್ಷ ಬಂದ ಐಫೋನ್ ಇನ್ನೂ ಒಂದು ಹೆಜ್ಜೆ ಮುಂದೆ. ಆಮೇಲೆ ಅದಕ್ಕೆ ಆ್ಯಪ್ ಮಾಡತೊಡಗಿದವರು ಐಕಾನ್ ಚಪ್ಪಟೆಯಾಗಿ ಕೊಟ್ಟರೂ ಫೋನು ತಾನಾಗಿಯೇ ಮೇಲೊಂದು ಹೊಳಪಿನ ಕಮಾನು ಬಳಿಯುತ್ತಿತ್ತು. ಬೇಡವೆಂದವರು ಆ್ಯಪಿನ ಸೆಟ್ಟಿಂಗಿನಲ್ಲಿ ಬೇರೆಯಾಗಿ ಬರೆದು ತಿಳಿಸಬೇಕಿತ್ತು.

ನಮ್ಮ ಊರುಗಳ ಫ್ಲೆಕ್ಸುಗಳಿಗೂ ಇದೇ ಗಾಳಿ ಬಡಿಯಿತು. ನಾಯಕರ ಹೆಸರಿನ ಅಕ್ಷರಕ್ಕೆ ಮೇಲರ್ಧ ಬೆಳ್ಳಿ, ಕೆಳಗರ್ಧ ಚಿನ್ನ, ನಡುವೆ ಗೀಚಿದಂಥ ಒಂದು ಗೆರೆ. ಆ ಗೆರೆ ಸುಮ್ಮನೆ ಬಂದದ್ದಲ್ಲ. ಉಬ್ಬಿದ ಲೋಹದಲ್ಲಿ ಆಕಾಶ ಮುಗಿದು ನೆಲ ಶುರುವಾಗುವ ಜಾಗ ಅದು, ಅಂದರೆ ದಿಗಂತ. ಹುಟ್ಟುಹಬ್ಬದ ಶುಭಾಶಯದ ಒಂದೊಂದು ಅಕ್ಷರದಲ್ಲೂ ಒಂದೊಂದು ದಿಗಂತ! ನಾಯಕರ ಮೂಗಿನ ನೆರಳು ಎಡಕ್ಕೆ, ಅವರ ಹಾರದ ನೆರಳು ಬಲಕ್ಕೆ, ಹೆಸರಿನ ಹೊಳಪು ನೆತ್ತಿಯಿಂದ. ಒಬ್ಬ ಸೂರ್ಯನಿಂದ ಆಗುವ ಕೆಲಸವಲ್ಲ. ರಾತ್ರಿ ಇದರ ಮುಂದೆ ಫೋಕಸ್ ಲೈಟ್ ಹಾಕಿದರೆ ಫ್ಲೆಕ್ಸಿನ ಸ್ವಂತ ಮಿರುಗು ಎದ್ದು, ಬಳಿದ ಹೊಳಪು, ಹೆಸರು, ಮೂಗು ಎಲ್ಲವೂ ಅದರಲ್ಲಿ ಮುಳುಗುತ್ತವೆ. ದೇವರ ದಯೆ ಎನ್ನುವವರೂ ಇದ್ದಾರೆ.

ಆಮೇಲೆ ಒಂದು ದಿನ ಗಾಜಿಗೆ ವೈರಾಗ್ಯ ಬಂತು. 2012ರ ವಿಂಡೋಸ್ 8 ಗಾಜು ಕಳಚಿಟ್ಟಿತು. 2013ರಲ್ಲಿ ಐಫೋನಿಗೆ ಐಓಎಸ್ 7 ಬಂದು ಐಕಾನುಗಳನ್ನೆಲ್ಲ ಚಪ್ಪಟೆ ಮಾಡಿತು. ನಿನ್ನೆಯವರೆಗೆ ಗಾಜು ಊದುತ್ತಿದ್ದವರೇ "ಛೆ, ಗ್ಲಾಸಿ ಬಟನ್ನಾ? ಇನ್ನೂ?" ಎಂದು ಮೂಗು ಮುರಿದರು. ಸರಳತೆಯೇ ಸತ್ಯ ಎಂದು ಉಪನ್ಯಾಸಗಳಾದವು. ನನ್ನ ಗೆಳೆಯನೊಬ್ಬ, ಒಂದು ಕಾಲದಲ್ಲಿ ಮದುವೆ ಕರೆಯೋಲೆಯ ಗಣಪತಿಗೂ ಗಾಜು ಹೊದಿಸಿದವನು, ವರ್ಷಗಟ್ಟಲೆ ಕೂಡಿಟ್ಟ ಫೋಟೋಶಾಪಿನ ಪಿಎಸ್‌ಡಿ ಫೈಲುಗಳನ್ನೆಲ್ಲ 'ಗ್ಲಾಸ್ ಹಳೇದು' ಎಂಬ ಫೋಲ್ಡರಿಗೆ ತುಂಬಿ ಹಾರ್ಡ್ ಡಿಸ್ಕಿನ ಮೂಲೆಗೆ ತಳ್ಳಿದ. ಡಿಲೀಟ್ ಮಾತ್ರ ಮಾಡಲಿಲ್ಲ. ಹಳೇ ಫೈಲ್ ಅಳಿಸುವ ಡಿಸೈನರನ್ನು ನಾನಂತೂ ಕಂಡಿಲ್ಲ.

2025ರ ಜೂನ್‌ನಲ್ಲಿ ಆಪಲ್ 'ಲಿಕ್ವಿಡ್ ಗ್ಲಾಸ್' ಎಂಬ ಹೊಸ ಮುಖ ಘೋಷಿಸಿ ಗಾಜನ್ನು ವಾಪಸು ಕರೆಯಿತು. ಈ ಸಲದ ಗಾಜು ಬಳಿದದ್ದಲ್ಲ. ಹಿಂದಿನ ಚಿತ್ರವನ್ನು ಬಾಗಿಸುತ್ತದೆ, ಫೋನು ಓರೆ ಮಾಡಿದರೆ ಹೊಳಪೂ ಜರುಗುತ್ತದೆ. ತ್ರಿಕೋನ ಎಳೆಯುವ ಹುಡುಗನ ಕೆಲಸವನ್ನು ಫೋನಿನೊಳಗಿನ ಚಿಪ್ಪೇ ಕ್ಷಣಕ್ಷಣವೂ ಮಾಡುತ್ತದೆ. ಜನ ಬಾಯಿಬಿಟ್ಟು ನೋಡಿದರು, ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದರು, ಆಮೇಲೆ ಅಕ್ಷರ ಓದಲಿಕ್ಕಾಗುತ್ತಿಲ್ಲ ಎಂದು ದೂರಿದರು. ಐಓಎಸ್ 26.1ರಲ್ಲಿ ಗಾಜನ್ನು ಮಬ್ಬು ಮಾಡಿಕೊಳ್ಳುವ ಆಯ್ಕೆಯೂ ಬಂತು. ಜಗತ್ತಿನ ಘಟಾನುಘಟಿ ಕಂಪನಿಗೂ ಕೊನೆಗೆ ಅದೇ ಒಪ್ಯಾಸಿಟಿ ಚೌಕಾಸಿ!

ಗೆಳೆಯನಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದೆ. ಅವನಿಗೆ ಆಗಲೇ ಗೊತ್ತಿತ್ತು. ಫೋಲ್ಡರಿನ ಹೆಸರು ಬದಲಾಯಿಸಿ 'ಗ್ಲಾಸ್ ಹೊಸದು' ಅಂತ ಮಾಡಿದ್ದಾನಂತೆ. ರೇಟೂ ಹೊಸದಂತೆ.