ಅಡ್ಡಗೆರೆಯ ಪಾಡು

ಕನ್ನಡ ತಿದ್ದಿದ ಕೈಗೆ ಅಡ್ಡಗೆರೆ ಒಗ್ಗುವುದಿಲ್ಲ. ತಲೆಕಟ್ಟಿನ ಒಂದು ಚೂರು ಬಿಟ್ಟರೆ ನಮ್ಮದೆಲ್ಲ ಸುತ್ತು, ಸುಳಿ, ಕೊಂಬು. ಚೀನಾದವರು 'ಒಂದು' ಅಂತ ಬರೆಯಬೇಕಾದರೆ ಎಳೆಯುವುದು ಒಂದೇ ಅಡ್ಡಗೆರೆ. ಇಷ್ಟೇನಾ ಎಂದು ನಾನು ಕುಂಚ ಹಿಡಿದೆ. ಮೊಬೈಲಿನೊಳಗಿನ ಗುರುಗಳು ಅಷ್ಟಕ್ಕೆ ಬಿಡಬೇಕಲ್ಲ! ಕುಂಚ ಕಂಬದಂತೆ ನೆಟ್ಟಗಿರಬೇಕು, ಮೊಣಕೈ ಮೇಜಿಗೆ ತಾಗಬಾರದು, ಬಲಕ್ಕೆ ಹೋಗಬೇಕಾದ ತುದಿಯನ್ನು ಮೊದಲು ಎಡಕ್ಕೆ ತಳ್ಳಿ ಅಡಗಿಸಬೇಕು, ಕೊನೆಯಲ್ಲಿ ಒತ್ತಿ ಹಿಂದಕ್ಕೆ ಬರಬೇಕು. ಅವರ ಗೆರೆಗೆ ಎಲುಬು ಇರುತ್ತಿತ್ತು. ನನ್ನದಕ್ಕೆ ಬರೀ ಬೊಜ್ಜು.

ಕುಂಚ, ಮಸಿಕಡ್ಡಿ, ಮಸಿ ತೇಯುವ ಕಲ್ಲು, ಕಾಗದ ಈ ನಾಲ್ಕನ್ನು ಅಲ್ಲಿ ಬರೆವಣಿಗೆಯ ಕೋಣೆಯ ನಿಧಿ ಎನ್ನುತ್ತಾರೆ. ನಾನು ಕಲ್ಲಿಗೆ ನಾಲ್ಕು ಹನಿ ನೀರು ಬಿಟ್ಟು ಕಡ್ಡಿ ತೇಯುತ್ತ ಕೂತಾಗ ಅವ್ವ ಇಣುಕಿ ನೋಡಿ, "ಗಂಧ ತೇಯ್ದಂಗೆ ತೇಯ್ತಾನೆ, ಯಾವ ದೇವರಿಗೋ ಏನೋ" ಎಂದಳು.

ಆನ್‌ಹುಯಿ ಪ್ರಾಂತ್ಯದ ಶುವಾನ್ ಕಾಗದ ನಮ್ಮೂರು ಭಾನುವಳ್ಳಿಯ ಕಿರಾಣಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಚೀನಾದಲ್ಲೂ ಹೊಸಬರು ಹಳೇ ದಿನಪತ್ರಿಕೆಯ ಮೇಲೆಯೇ ಕೈ ಪಳಗಿಸುತ್ತಾರಂತೆ ಎಂದು ನಾನೂ ರದ್ದಿ ಕಟ್ಟು ಬಿಚ್ಚಿದೆ. ನಮ್ಮ ಪತ್ರಿಕೆಗಳ ತುಂಬ ಹುಟ್ಟುಹಬ್ಬದ ಶುಭಾಶಯಗಳೇ. ನನ್ನ ಗೆರೆ ಎಲ್ಲಿ ಬಿದ್ದರೂ ಯಾವನೋ ಮುಖಂಡನಿಗೆ ಮೀಸೆಯಾಗುತ್ತಿತ್ತು. ನೋಡಿದವರೊಬ್ಬರು ದನಿ ತಗ್ಗಿಸಿ, "ಈ ಸಲ ನೀನು ಆ ಕಡೆನಾ?" ಎಂದು ಕೇಳಿದ ಮೇಲೆ ಪತ್ರಿಕೆಗಳನ್ನು ಕಟ್ಟಿಟ್ಟೆ.

ಬೀಜಿಂಗಿನ ಉದ್ಯಾನಗಳಲ್ಲಿ ಮುದುಕರು ಉದ್ದ ಕೋಲಿನ ಕುಂಚವನ್ನು ನೀರಿನಲ್ಲಿ ಅದ್ದಿ ನೆಲದ ಮೇಲೆ ಬರೆಯುತ್ತಾರೆ. ಮಸಿಯೂ ಬೇಡ, ಕಾಗದವೂ ಬೇಡ. ನಾನೂ ಕೋಲಿಗೆ ಸ್ಪಂಜು ಕಟ್ಟಿ, ಭತ್ತ ಒಣಗಿಸುವ ಸಿಮೆಂಟು ಕಣದಲ್ಲಿ ಶುರು ಮಾಡಿದೆ. ಪಕ್ಕದ ಮನೆಯ ದೊಡ್ಡಪ್ಪ ಬೀಡಿ ಹಚ್ಚಿ ನಿಂತು ನೋಡಿದ. "ಕೊನೆ ಭಾಗದೋರ ಗದ್ದೆಗೆ ಭದ್ರಾ ನಾಲಿ ನೀರೇ ಮುಟ್ಟಿಲ್ಲ, ನೀನು ಸಿಮೆಂಟಿಗೆ ಕುಡಿಸ್ತಿಯಲ್ಲಲೇ!" ಇದಕ್ಕೆ ಗುರುಗಳ ವಿಡಿಯೊದಲ್ಲಿ ಉತ್ತರವಿರಲಿಲ್ಲ.

ಚೀನಾದಲ್ಲಿ ಕಲಿಯುವವರು ಶಿಲಾಶಾಸನದ ಅಚ್ಚನ್ನು ಮುಂದಿಟ್ಟುಕೊಂಡು ನಕಲು ಮಾಡುತ್ತಾರೆ. 632ರಲ್ಲಿ ಔಯಾಂಗ್ ಶುನ್ ಬರೆದ ಜಿಯುಚೆಂಗ್ ಅರಮನೆಯ ಶಾಸನವನ್ನು ಇವತ್ತಿಗೂ ಮಕ್ಕಳು ತಿದ್ದುತ್ತಾರೆ. ಕಲ್ಲಿನ ಅಕ್ಷರಕ್ಕೆ ನಮಗೇನು ಬರವೇ? ಹರಿಹರದಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯಿದೆ, ಅಂಗಳದ ತುಂಬ ಶಾಸನಗಳಿವೆ. ಬಿ.ಎಲ್. ರೈಸ್ ಅವನ್ನು ಪುಸ್ತಕಕ್ಕೆ ಏರಿಸಿ ನೂರು ವರ್ಷದ ಮೇಲಾಯಿತು. ತಿದ್ದಿದವರನ್ನು ಮಾತ್ರ ನಾನು ಕಂಡಿಲ್ಲ. ನಾನೇ ತಿದ್ದೋಣವೆಂದು ಹೋದೆ. ಕಲ್ಲಿನ ಮುಂದೆ ಮೊಣಕೈ ಎತ್ತಿ, ಕುಂಚ ನೆಟ್ಟಗೆ ಹಿಡಿದು ಕೂತಾಗಲೇ ನನ್ನ ಕೈಗೆ ಜೀವ ಬಂತು. ದುಂಡಗಿನ ಅಕ್ಷರ ನೋಡಿ ಕುಂಚವೂ ಉಸಿರು ಬಿಟ್ಟಿತು.

ದರ್ಶನ ಮುಗಿಸಿ ಬಂದ ರೈತರೊಬ್ಬರು ಬೆನ್ನ ಹಿಂದೆ ನಿಂತರು. "ಏನು ಬರ್ದೈತ್ರಿ ಇದ್ರಾಗೆ?"

"ದೇವರಿಗೆ ಜಮೀನು ಬಿಟ್ಟಿದ್ದು, ಅದರ ಗಡಿ, ಅಂಥವೇ ಜಾಸ್ತಿ."

ಅವರು ಪಂಚೆ ಮಡಚಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. "ಹಂಗಾರೆ ನಮ್ಮ ಸರ್ವೆ ನಂಬರ್ ಐತೇನು ನೋಡ್ರಿ ಸಾರ್. ದಾಯಾದಿಗಳ ಜೊತೆ ಕೇಸು ನಡದೈತಿ."

"ನಾನಿನ್ನೂ ಮೊದಲನೇ ಸಾಲಿನ ಒತ್ತಕ್ಷರದಲ್ಲಿದ್ದೀನಿ" ಎಂದೆ.

"ಆಗ್ಲಿ, ಕಾಯ್ತೀನಿ" ಎಂದರು.